ಗೌರಿ ಹೂವು ವಿಷ, ಗರಿಕೆ ನಿರಪಾಯ: ಹಬ್ಬದ ಬುಟ್ಟಿಯಲ್ಲಿ ಜತೆಯಾಗುವ ಎರಡು ಗಿಡಗಳ ನಡುವಿನ ವ್ಯತ್ಯಾಸವೇನು?

ಭಾದ್ರಪದ ಶುಕ್ಲ ತದಿಗೆಗೆ ಗೌರಿ, ಮರುದಿನ ಚೌತಿಗೆ ಗಣಪ. ಮಲೆನಾಡು, ಕರಾವಳಿಯ ಅನೇಕ ಮನೆಗಳಲ್ಲಿ ಈ ಎರಡು ದಿನಗಳಿಗೆ ಎರಡು ಗಿಡಗಳು ಬೇಕೇ ಬೇಕು. ಅಮ್ಮನಿಗೆ ಬೇಲಿಯಲ್ಲಿ ಬೆಂಕಿಯಂತೆ ಅರಳುವ ಗೌರಿ ಹೂವು, ಮಗನಿಗೆ ಅಂಗಳದ ಗರಿಕೆ. ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಸೇರಿದ ಕನ್ನಡಿಗರೂ ಹಬ್ಬದ ಹೊತ್ತಿಗೆ ಇವನ್ನು ಹುಡುಕಿಕೊಂಡು ಮಾರುಕಟ್ಟೆಗೆ ಹೋಗುತ್ತಾರೆ. ಬಾಲ್ಕನಿಯ ಕುಂಡದಲ್ಲಿ ಬೆಳೆಸಲು ನೋಡುವವರೂ ಇದ್ದಾರೆ.

ಆದರೆ ಒಂದೇ ಬುಟ್ಟಿಯಲ್ಲಿ ಮನೆಗೆ ಬರುವ ಈ ಎರಡರ ಗುಣ ಮಾತ್ರ ಅಜಗಜಾಂತರ. ಗರಿಕೆಯನ್ನು ಹಸು ಮೇಯುತ್ತದೆ, ಮನುಷ್ಯರು ಅರೆದು ರಸ ಕುಡಿಯುತ್ತಾರೆ. ಗೌರಿ ಹೂವಿನ ಗಿಡದ ಗೆಡ್ಡೆಯ ತುಂಡು ಹೊಟ್ಟೆ ಸೇರಿದರೆ ಪ್ರಾಣವೇ ಹೋಗಬಹುದು. ಊರಿನಲ್ಲಿ ಅಜ್ಜಿಯಂದಿರು ಬಾಯಿಮಾತಿನಲ್ಲಿ ಹೇಳುತ್ತಿದ್ದ ಈ ಎಚ್ಚರಿಕೆ, ಆನ್‌ಲೈನ್ ನರ್ಸರಿಯಿಂದ ಪ್ಯಾಕೆಟ್‌ನಲ್ಲಿ ಬರುವ ಗೆಡ್ಡೆಯ ಜತೆ ಬರುವುದಿಲ್ಲ. ಹಾಗಾದರೆ ಈ ಎರಡು ಗಿಡಗಳ ಸ್ವಭಾವವೇನು? ಒಂದು ಯಾಕೆ ವಿಷ, ಇನ್ನೊಂದು ಯಾಕೆ ಅಲ್ಲ? ಮನೆಯಲ್ಲಿ ಮಕ್ಕಳಿದ್ದರೆ ಏನು ಮಾಡಬೇಕು? ಇಲ್ಲಿದೆ ಮಾಹಿತಿ.

ಒಂದೊಂದು ಊರಿನಲ್ಲಿ ಒಂದೊಂದು ಹೆಸರು

ಗೌರಿ ಹೂವಿನ ಸಸ್ಯಶಾಸ್ತ್ರೀಯ ಹೆಸರು ಗ್ಲೋರಿಯೋಸಾ ಸುಪರ್ಬಾ. ಕನ್ನಡದಲ್ಲೇ ಇದಕ್ಕೆ ಅಗ್ನಿಶಿಖೆ, ಶಿವಶಕ್ತಿ ಎಂಬ ಹೆಸರುಗಳೂ ಇವೆ. ಹೊರನಾಡಿನಲ್ಲಿರುವವರು ಅಲ್ಲಿನ ಹೆಸರನ್ನು ತಿಳಿದುಕೊಂಡಿರುವುದು ಒಳ್ಳೆಯದು. ಯಾಕೆಂದರೆ ಹೂವಾಡಗಿತ್ತಿಗೂ, ಡಾಕ್ಟರಿಗೂ ಅರ್ಥವಾಗುವುದು ಆ ಹೆಸರೇ.

ಮಹಾರಾಷ್ಟ್ರದಲ್ಲಿ ಇದು ಕಳಲಾವಿ. ಮರಾಠಿಯಲ್ಲಿ ‘ಕಳ’ ಎಂದರೆ ನೋವು. ಹೆರಿಗೆ ನೋವು ಬರಿಸುವ ಗಿಡ ಎಂಬುದು ಈ ಹೆಸರಿಗೆ ಸಾಮಾನ್ಯವಾಗಿ ಕೊಡುವ ಅರ್ಥ. ಜಗಳ ಹಚ್ಚುವವರನ್ನೂ ಮರಾಠಿಯಲ್ಲಿ ಹೀಗೇ ಕರೆಯುವುದರಿಂದ, ಹೂವನ್ನು ಮನೆಯೊಳಗೆ ತಂದರೆ ಜಗಳವಾಗುತ್ತದೆ ಎಂಬ ನಂಬಿಕೆಯೂ ಬೆಳೆದಿದೆ. ತಮಿಳುನಾಡಿನಲ್ಲಿ ಇದು ಸೆಂಗಾಂದಳ್, ಆ ರಾಜ್ಯದ ಅಧಿಕೃತ ಪುಷ್ಪ. ಕಾರ್ತಿಕ ಮಾಸದಲ್ಲಿ ಅರಳುವುದರಿಂದ ಅಲ್ಲಿ ಕಾರ್ತಿಗೈ ಹೂವು ಎಂದೂ ಕರೆಯುತ್ತಾರೆ. ತೆಲುಗಿನಲ್ಲಿ ಅಡವಿನಾಭಿ. ವತ್ಸನಾಭಿ ಎಂಬ ಇನ್ನೊಂದು ಘೋರ ವಿಷವನ್ನು ನೆನಪಿಸುವ ಹೆಸರದು. ಹಿಂದಿಯಲ್ಲಿ ಕಲಿಹಾರಿ. ಸಂಸ್ಕೃತದಲ್ಲಿ ಲಾಂಗಲಿ, ಅಂದರೆ ನೇಗಿಲಿನಂಥದ್ದು. ನೆಲದೊಳಗಿನ ಇದರ ಗೆಡ್ಡೆ ಎರಡು ಕವಲಾಗಿ ಬಾಗಿ, ನೇಗಿಲಿನ ಆಕಾರದಲ್ಲಿರುವುದೇ ಇದಕ್ಕೆ ಕಾರಣ.

ಗರಿಕೆಯ ಸಸ್ಯಶಾಸ್ತ್ರೀಯ ಹೆಸರು ಸೈನೋಡಾನ್ ಡ್ಯಾಕ್ಟೈಲಾನ್. ‘ಸೈನೋಡಾನ್’ ಎಂದರೆ ಗ್ರೀಕ್ ಭಾಷೆಯಲ್ಲಿ ನಾಯಿಹಲ್ಲು, ‘ಡ್ಯಾಕ್ಟೈಲಾನ್’ ಎಂದರೆ ಬೆರಳು. ತೆನೆ ಬಿಟ್ಟಾಗ ಬೆರಳು ಬಿಡಿಸಿದ ಅಂಗೈಯಂತೆ ಕಾಣುತ್ತದೆ. ಸಂಸ್ಕೃತ ಮತ್ತು ಮರಾಠಿಯಲ್ಲಿ ದೂರ್ವಾ, ಮಹಾರಾಷ್ಟ್ರದ ರೈತರ ಬಾಯಲ್ಲಿ ಹರಳಿ, ತಮಿಳಿನಲ್ಲಿ ಅರುಗಂಪುಲ್, ತೆಲುಗಿನಲ್ಲಿ ಗರಿಕ, ಹಿಂದಿಯಲ್ಲಿ ದೂಬ್. ಲಾನ್ ಹಾಕುವವರು, ಕ್ರಿಕೆಟ್ ಮೈದಾನ ನೋಡಿಕೊಳ್ಳುವವರು ‘ಬರ್ಮುಡಾ ಗ್ರಾಸ್’ ಎನ್ನುವುದೂ ಇದನ್ನೇ.

ಬೆಂಕಿಯ ಹೆಸರಿನ ಹೂವು, ಬೆಂಕಿ ತಣಿಸಿದ ಹುಲ್ಲು

ಗಣಪತಿಗೆ ಗರಿಕೆ ಪ್ರಿಯವಾದದ್ದಕ್ಕೆ ಹೇಳುವ ಕಥೆ ಎಲ್ಲರಿಗೂ ಗೊತ್ತಿರುವುದೇ. ಲೋಕವನ್ನು ಸುಡುತ್ತಿದ್ದ ಅನಲಾಸುರನನ್ನು ಗಣಪ ನುಂಗಿಬಿಟ್ಟ. ಹೊಟ್ಟೆಯೊಳಗೆ ಉರಿ ಹತ್ತಿತು. ಏನು ಮಾಡಿದರೂ ಆರದ ಆ ಉರಿ, ಋಷಿಗಳು 21 ಗರಿಕೆ ತಂದಿಟ್ಟಾಗ ಆರಿತು. ಅಂದಿನಿಂದ 21 ಗರಿಕೆಯ ಪೂಜೆ. ಇನ್ನೊಂದೆಡೆ, ಗೌರಿಗೆ ಏರಿಸುವ ಹೂವಿನ ಹೆಸರೇ ಅಗ್ನಿಶಿಖೆ, ಬೆಂಕಿಯ ನಾಲಿಗೆ. ಹಸಿರು ಮಿಶ್ರಿತ ಹಳದಿಯಾಗಿ ಬಿರಿಯುವ ಆರು ಎಸಳುಗಳು ದಿನ ಕಳೆದಂತೆ ಕೇಸರಿ, ಕೆಂಪಿಗೆ ತಿರುಗಿ, ಅಂಚು ಅಲೆಅಲೆಯಾಗಿ ಮೇಲಕ್ಕೆ ಮಡಚಿಕೊಳ್ಳುತ್ತವೆ.

ಮಹಾರಾಷ್ಟ್ರದಲ್ಲಿ ಗೌರಿ ಬರುವುದು ಗಣಪನ ಹಿಂದಿನ ದಿನವಲ್ಲ, ಚೌತಿಯ ನಂತರ. ಆದರೂ ಅಲ್ಲಿನ ಗೌರಿ ಪೂಜೆಯಲ್ಲೂ ಈ ಹೂವಿಗೆ ಜಾಗವಿದೆ. ಕೊಂಕಣದ ಕಡೆ ಇದನ್ನು ‘ಗೌರಿಯ ಕೈ’ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದುದ್ದಕ್ಕೂ ಬೇಲಿ, ಪೊದೆಗಳಲ್ಲಿ ಇದು ತಾನಾಗಿ ಅರಳುವ ಕಾಲಕ್ಕೇ ಹಬ್ಬವೂ ಬರುತ್ತದೆ.

ಎಲೆ ಬೇರೆ, ಉಳಿಯುವ ದಾರಿ ಬೇರೆ

ಎರಡೂ ಏಕದಳ ಸಸ್ಯಗಳು, ಎರಡೂ ಬಹುವಾರ್ಷಿಕ. ಅಂದರೆ ಒಮ್ಮೆ ನೆಲೆ ನಿಂತರೆ ವರ್ಷ ವರ್ಷವೂ ಚಿಗುರುತ್ತವೆ. ಮೇಲಿನ ಭಾಗ ಒಣಗಿದರೂ ನೆಲದೊಳಗಿನ ಭಾಗ ಬದುಕಿರುತ್ತದೆ. ಹೋಲಿಕೆ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ.

ಗೌರಿ ಹೂವಿನ ಬಳ್ಳಿ ಮುಂಗಾರಿನ ಮೊದಲ ಮಳೆಗಳ ಜತೆ ಗೆಡ್ಡೆಯಿಂದ ಮೇಲೇಳುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಳ್ಳುತ್ತದೆ. ಹೂಬಿಟ್ಟು, ಕಾಯಿ ಕಟ್ಟಿ, ಕೆಲವೇ ತಿಂಗಳಲ್ಲಿ ಬಳ್ಳಿ ಒಣಗುತ್ತದೆ. ಮುಂದಿನ ಮಳೆಗಾಲದವರೆಗೆ ಬೇಕಾದ ಆಹಾರವೆಲ್ಲ ಆ ಒಂದು ಗೆಡ್ಡೆಯಲ್ಲಿ. ಅದನ್ನು ಹಂದಿಯೋ ಇಲಿಯೋ ತಿಂದುಹಾಕಿದರೆ ಕಥೆ ಮುಗಿಯಿತು. ಹೀಗೆ ಇರುವುದನ್ನೆಲ್ಲ ಒಂದೇ ಕಡೆ ಇಟ್ಟುಕೊಂಡ ಗಿಡಕ್ಕೆ ಕಾವಲು ಬೇಕು. ಆ ಕಾವಲೇ ವಿಷ.

ಗರಿಕೆಯ ಲೆಕ್ಕಾಚಾರ ಬೇರೆ. ಅದು ನೆಲದ ಮೇಲೆ ಹಬ್ಬುವ ಕಾಂಡವನ್ನೂ, ನೆಲದಡಿ ಹರಿಯುವ ಕಾಂಡವನ್ನೂ ಬೆಳೆಸುತ್ತದೆ. ಪ್ರತಿ ಗೆಣ್ಣಿನಲ್ಲೂ ಬೇರು ಬಿಡುವ, ಚಿಗುರೊಡೆಯುವ ಶಕ್ತಿ ಇರುತ್ತದೆ. ಹುಲ್ಲಿನ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಹಾಗಾಗಿ ಹಸು ಮೇಯ್ದರೂ, ಕತ್ತರಿಸಿದರೂ, ತುಳಿದರೂ ಮತ್ತೆ ಬರುತ್ತದೆ. ತಿಂದವರಿಗೆ ತಿನ್ನಲು ಬಿಟ್ಟು, ತಿಂದಷ್ಟನ್ನು ಬೇಗ ಮರಳಿ ಬೆಳೆದುಕೊಳ್ಳುವುದೇ ಇದರ ರಕ್ಷಣೆ. ವಂಶ ಗರಿಕೆಯಂತೆ ಹಬ್ಬಲಿ ಎಂದು ಹಳ್ಳಿಗಳಲ್ಲಿ ಹರಸುವುದು ಇದನ್ನು ಕಣ್ಣಾರೆ ನೋಡಿಯೇ.

ಗೌರಿ ಹೂವಿನಲ್ಲಿರುವ ವಿಷ ಯಾವುದು?

ಈ ಗಿಡದ ಮುಖ್ಯ ವಿಷ ಕೋಲ್ಚಿಸಿನ್. ಗೆಡ್ಡೆ, ಬೀಜ, ಎಲೆ, ಹೂವು ಎಲ್ಲ ಭಾಗಗಳಲ್ಲೂ ಇದೆ. ಗೆಡ್ಡೆ ಮತ್ತು ಬೀಜ ಹೆಚ್ಚು ಅಪಾಯಕಾರಿ.

ನಮ್ಮ ದೇಹದ ಕೋಶಗಳು ಒಂದರಿಂದ ಎರಡಾಗುವಾಗ, ವರ್ಣತಂತುಗಳನ್ನು ಎರಡು ಬದಿಗೆ ಎಳೆಯಲು ಹಗ್ಗದಂಥ ಸೂಕ್ಷ್ಮ ನಾಳಗಳು ತಯಾರಾಗುತ್ತವೆ. ಕೋಲ್ಚಿಸಿನ್ ಆ ನಾಳಗಳು ಕಟ್ಟಿಕೊಳ್ಳುವುದನ್ನೇ ತಡೆಯುತ್ತದೆ. ಕೋಶ ವಿಭಜನೆ ಅರ್ಧಕ್ಕೇ ನಿಲ್ಲುತ್ತದೆ. ದೇಹದಲ್ಲಿ ಎಲ್ಲಿ ಕೋಶಗಳು ವೇಗವಾಗಿ ಹೊಸದಾಗುತ್ತವೆಯೋ ಅಲ್ಲಿ ಮೊದಲ ಪೆಟ್ಟು. ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಮಜ್ಜೆ, ಕೂದಲಿನ ಬುಡ ಇವುಗಳಲ್ಲಿ ಮುಖ್ಯವಾದವು.

ವಿಷ ಏರುವ ರೀತಿಯೂ ಮೋಸದ್ದು. ತಿಂದ ತಕ್ಷಣ ಏನೂ ಆಗದಿರಬಹುದು. ಸಾಮಾನ್ಯವಾಗಿ ಕೆಲವು ಗಂಟೆಗಳ ನಂತರ ಬಾಯಿ, ಗಂಟಲು ಉರಿ, ಹೊಟ್ಟೆನೋವು, ವಾಂತಿ, ನಿಲ್ಲದ ಭೇದಿ ಶುರುವಾಗುತ್ತದೆ. ನೋಡಿದವರಿಗೆ ಹೊರಗಿನ ಊಟ ಕೆಟ್ಟಿತ್ತೇನೋ ಅನ್ನಿಸುವಂತಿರುತ್ತದೆ. ಒಂದೆರಡು ದಿನಗಳಲ್ಲಿ ವಾಂತಿ, ಭೇದಿ ಕಡಿಮೆಯಾದಂತೆ ಕಂಡರೂ ಒಳಗೆ ಮೂತ್ರಪಿಂಡ, ಹೃದಯ, ಮೂಳೆಮಜ್ಜೆ ಒಂದೊಂದಾಗಿ ಸೋಲತೊಡಗಬಹುದು. ಸಾವು ಸಂಭವಿಸುವುದು ಹೆಚ್ಚಾಗಿ ಈ ಹಂತದಲ್ಲಿ. ಬದುಕುಳಿದವರಲ್ಲಿ ಒಂದೆರಡು ವಾರಗಳ ನಂತರ ತಲೆಗೂದಲು ಉದುರುವುದುಂಟು. 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ವರದಿ, ಈ ಗೆಡ್ಡೆಯ ವಿಷದಿಂದ ಮೈಯ ಕೂದಲೆಲ್ಲ ಉದುರಿದ ಪ್ರಕರಣದ ಕುರಿತಾಗಿಯೇ ಇತ್ತು.

ಇದಕ್ಕೆ ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗುವ ಪ್ರತಿವಿಷ ಇಲ್ಲ. ಹೊಟ್ಟೆಯಲ್ಲಿ ಉಳಿದದ್ದನ್ನು ಹೀರಿಕೊಳ್ಳಲು ಇದ್ದಿಲಿನ ಔಷಧ, ಡ್ರಿಪ್, ರಕ್ತದೊತ್ತಡ ಕಾಯುವುದು, ಸೋಂಕು ತಡೆಯುವುದು ಹೀಗೆ ದೇಹ ತಾನಾಗಿ ಸುಧಾರಿಸುವವರೆಗೆ ಆಸರೆ ಕೊಡುವ ಚಿಕಿತ್ಸೆಯೇ ಮುಖ್ಯ. ಹಾಗಾಗಿ ಮೊದಲ ಕೆಲವು ಗಂಟೆಗಳು ಅತ್ಯಮೂಲ್ಯ.

ಗೆಣಸಿನಂತೆ ಕಾಣುವುದೇ ದೊಡ್ಡ ಅಪಾಯ

ಗೌರಿ ಹೂವನ್ನು ಮುಟ್ಟಿದ ಮಾತ್ರಕ್ಕೆ, ದೇವರಿಗೆ ಏರಿಸಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಕೈಯಲ್ಲಿ ಗಾಯವಿದ್ದರೆ, ಗೆಡ್ಡೆ ಕತ್ತರಿಸುತ್ತಿದ್ದರೆ ಕೈಗವಸು ಹಾಕಿಕೊಳ್ಳಬೇಕು, ಅಷ್ಟೇ. ಅಪಾಯ ಇರುವುದು ಬಾಯಿಗೆ ಹೋದಾಗ.

ಗೊತ್ತಿಲ್ಲದೆ ಬಾಯಿಗೆ ಹೋಗಲು ಮುಖ್ಯ ಕಾರಣ ಗೆಡ್ಡೆಯ ರೂಪ. ಮಣ್ಣು ತೊಳೆದಿಟ್ಟರೆ ಸಣ್ಣ ಸಿಹಿಗೆಣಸಿನಂತೆ ಕಾಣುತ್ತದೆ. ಶ್ರೀಲಂಕಾದಲ್ಲಿ ಗೆಣಸೆಂದು ಭಾವಿಸಿ ಬೇಯಿಸಿ ತಿಂದು ವಿಷವೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಂದರೆ, ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಮುಂದಿನ ವರ್ಷ ನೆಡಲು ತೆಗೆದಿಟ್ಟ ಗೆಡ್ಡೆಯನ್ನು ಈರುಳ್ಳಿ, ಆಲೂಗಡ್ಡೆ ಬುಟ್ಟಿಯ ಪಕ್ಕ ಇಡಬಾರದು ಎನ್ನುವುದು ಇದೇ ಕಾರಣಕ್ಕೆ. ಅಡುಗೆಗೆ ಬೇರೆಯವರು ಬರುವ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ನಾಟಿ ಔಷಧದ ಹೆಸರಿನಲ್ಲಿ ತಿನ್ನುವುದು ಇನ್ನೊಂದು ದಾರಿ. ಆಯುರ್ವೇದದಲ್ಲಿ ಲಾಂಗಲಿ ಉಪವಿಷಗಳ ಪಟ್ಟಿಯಲ್ಲಿದೆ. ಗೋಮೂತ್ರದಲ್ಲಿ ಶುದ್ಧಿ ಮಾಡಿದ ನಂತರವೇ, ಅದೂ ತಿಳಿದ ವೈದ್ಯರು ಬಳಸಬೇಕೆಂಬ ನಿಯಮವಿದೆ. ದೇಶದ ಔಷಧ ನಿಯಮಗಳ ‘ಶೆಡ್ಯೂಲ್ ಇ-1’ರಲ್ಲಿರುವ ವಿಷದ್ರವ್ಯಗಳಲ್ಲಿ ಇದೂ ಒಂದು. ಅಂಥ ದ್ರವ್ಯ ಸೇರಿದ ಸೇವನೆಯ ಔಷಧದ ಮೇಲೆ, ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಮುದ್ರಿಸಬೇಕು. ಮೊಬೈಲ್‌ನಲ್ಲಿ ಬರುವ ‘ಮನೆಮದ್ದು’ ವಿಡಿಯೊ ನೋಡಿ ಪ್ರಯೋಗ ಮಾಡುವ ಗಿಡ ಇದಲ್ಲ. ಹೆರಿಗೆ, ಗರ್ಭಕ್ಕೆ ಸಂಬಂಧಿಸಿದ ಹಳೆಯ ಬಳಕೆಗಳಂತೂ ತಾಯಿಯ ಜೀವಕ್ಕೇ ಎರವಾಗಬಲ್ಲವು.

ಅದೇ ವಿಷ, ಅದೇ ಔಷಧ

ಇಷ್ಟೆಲ್ಲ ಅಪಾಯಕಾರಿಯಾದ ಗಿಡವನ್ನು ತಮಿಳುನಾಡಿನ ದಿಂಡಿಗಲ್, ಕರೂರು, ತಿರುಪ್ಪೂರು ಕಡೆಯ ರೈತರು ಎಕರೆಗಟ್ಟಲೆ ಬೆಳೆಯುತ್ತಾರೆ ಎಂದರೆ ಆಶ್ಚರ್ಯವಾಗಬಹುದು. ಅಲ್ಲಿನ ರೈತರಿಗೆ ಇದು ಕಣ್‌ವಲಿ ಕಿಳಂಗು, ಅಂದರೆ ಕಣ್ಣುನೋವಿನ ಗೆಡ್ಡೆ. ಬಳ್ಳಿಗೆ ಚಪ್ಪರ ಹಾಕಿ, ಹೂವಿನ ಶಲಾಕೆ ಪಕ್ಕಕ್ಕೆ ಬಾಗಿರುವುದರಿಂದ ಕೈಯಿಂದಲೇ ಪರಾಗ ತಾಗಿಸಿ, ಬೀಜ ಕಟ್ಟಿಸುತ್ತಾರೆ. ಆ ಬೀಜ ಔಷಧ ತಯಾರಿಕೆಗೆ ಹೋಗುತ್ತದೆ, ವಿದೇಶಕ್ಕೂ ರಫ್ತಾಗುತ್ತದೆ.

ಕೋಲ್ಚಿಸಿನ್ ಅನ್ನು ಮೊದಲು ಬೇರ್ಪಡಿಸಿದ್ದು 1820ರಲ್ಲಿ, ಯುರೋಪಿನ ಕಾಲ್ಚಿಕಮ್ ಎಂಬ ಇದೇ ಕುಟುಂಬದ ಗಿಡದಿಂದ. ಕೀಲುಗಳಲ್ಲಿ ಯೂರಿಕ್ ಆಮ್ಲ ಹರಳುಗಟ್ಟಿ ನೋವು ಬರುವ ಗೌಟ್ ಕಾಯಿಲೆಗೆ ವೈದ್ಯರು ಇಂದಿಗೂ ಕೋಲ್ಚಿಸಿನ್ ಮಾತ್ರೆ ಬರೆಯುತ್ತಾರೆ. 2023ರಲ್ಲಿ ಅಮೆರಿಕದ ಎಫ್‌ಡಿಎ, ಹೃದಯಾಘಾತದ ಅಪಾಯ ತಗ್ಗಿಸಲು 0.5 ಮಿಲಿಗ್ರಾಂನ ಕೋಲ್ಚಿಸಿನ್ ಮಾತ್ರೆಗೂ ಒಪ್ಪಿಗೆ ಕೊಟ್ಟಿತು. ಸಸ್ಯತಳಿ ವಿಜ್ಞಾನಿಗಳಿಗೂ ಇದು ಬೇಕು. ಮೊಳಕೆಗೆ ಕೋಲ್ಚಿಸಿನ್ ಹಚ್ಚಿದರೆ ಕೋಶ ವಿಭಜನೆ ನಿಂತು ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಬೀಜವಿಲ್ಲದ ಕಲ್ಲಂಗಡಿ ಹುಟ್ಟಿದ್ದು ಈ ದಾರಿಯಲ್ಲೇ.

ಆದರೆ ಮಾತ್ರೆಯಲ್ಲಿ ಎಷ್ಟಿದೆ ಎಂಬುದು ಮಿಲಿಗ್ರಾಂ ಲೆಕ್ಕದಲ್ಲಿ ಗೊತ್ತು. ಗೆಡ್ಡೆಯಲ್ಲಿ ಎಷ್ಟಿದೆ ಎಂಬುದು ಮಣ್ಣು, ಋತು, ಗಿಡದ ವಯಸ್ಸಿನ ಮೇಲೆ ಬದಲಾಗುತ್ತದೆ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಕೋಲ್ಚಿಸಿನ್‌ನಲ್ಲಿ ಬಹಳ ಕಿರಿದು. ಹಾಗಾಗಿ ‘ಔಷಧೀಯ ಗಿಡ’ ಎಂಬ ಮಾತು ಕೇಳಿ ಧೈರ್ಯ ಮಾಡುವಂತಿಲ್ಲ.

ಗರಿಕೆ ಪೂರ್ತಿ ನಿರಪಾಯವೇ?

ವಿಷದ ಮಟ್ಟಿಗೆ ಹೌದು. ಮಗು ಒಂದು ಎಸಳು ಗರಿಕೆ ಬಾಯಿಗೆ ಹಾಕಿಕೊಂಡರೆ ಗಾಬರಿಯಾಗಬೇಕಿಲ್ಲ. ಚೆನ್ನೈನ ಪಾರ್ಕ್‌ಗಳ ಹೊರಗೆ ಬೆಳಗಿನ ವಾಕಿಂಗ್ ಮುಗಿಸಿದವರು ಅರುಗಂಪುಲ್ ಜ್ಯೂಸ್ ಕುಡಿಯುವುದು ಮಾಮೂಲಿ ದೃಶ್ಯ. ಆದರೂ ಮೂರು ವಿಷಯ ಗಮನದಲ್ಲಿರಲಿ.

ಮೊದಲನೆಯದು, ಎಲ್ಲಿಂದ ಕಿತ್ತದ್ದು ಎಂಬುದು. ರಸ್ತೆಬದಿ, ಚರಂಡಿ ಪಕ್ಕ, ಕಳೆನಾಶಕ ಹೊಡೆದ ಲಾನ್‌ನ ಗರಿಕೆ ಪೂಜೆಗೆ ಸರಿಯಾದೀತು, ಹೊಟ್ಟೆಗೆ ಬೇಡ. ಗರಿಕೆ ರಸ ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಎಂಬಂಥ ಮಾತುಗಳಿಗೆ ಆಧಾರವಾಗಿ ತೋರಿಸುವ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ್ದು, ಇಲಿಗಳ ಮೇಲಿನವು. ಅದನ್ನು ನಂಬಿ ನಡೆಯುತ್ತಿರುವ ಮಾತ್ರೆ ನಿಲ್ಲಿಸುವುದು ಸರಿಯಲ್ಲ.

ಎರಡನೆಯದು, ಅಲರ್ಜಿ. ಗರಿಕೆಯ ಪರಾಗ ಶೀತ, ಸೀನು, ಉಬ್ಬಸ ತರುವ ಹುಲ್ಲು ಪರಾಗಗಳಲ್ಲಿ ಪ್ರಮುಖವಾದದ್ದು. ತೆನೆ ಬಿಡಲು ಅವಕಾಶ ಕೊಡದೆ ಆಗಾಗ ಕತ್ತರಿಸುತ್ತಿದ್ದರೆ ಈ ತೊಂದರೆ ಕಡಿಮೆ.

ಮೂರನೆಯದು, ಇದರ ಹಠ. ತೋಟಗಾರನ ಹುಲ್ಲುಹಾಸು ರೈತನ ಹೊಲದಲ್ಲಿ ಶತ್ರು. 1977ರಲ್ಲಿ ಪ್ರಕಟವಾದ ‘ಜಗತ್ತಿನ ಅತಿ ಕೆಟ್ಟ ಕಳೆಗಳು’ ಎಂಬ ಪ್ರಸಿದ್ಧ ಇಂಗ್ಲಿಷ್ ಗ್ರಂಥದಲ್ಲಿ ತುಂಗೆ ಹುಲ್ಲಿನ ನಂತರ ಎರಡನೇ ಸ್ಥಾನ ಗರಿಕೆಯದ್ದು. ಕುಂಟೆ ಹೊಡೆದು ತುಂಡು ಮಾಡಿದರೆ ಒಂದೊಂದು ತುಂಡೂ ಒಂದೊಂದು ಗಿಡವಾಗುತ್ತದೆ. ಹಾಗೆಂದು ಹಠಮಾರಿತನದಲ್ಲಿ ಗೌರಿ ಹೂವು ಹಿಂದೇನೂ ಬಿದ್ದಿಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ಅದು ಅಲ್ಲಿನ ಸ್ಥಳೀಯ ಗಿಡಗಳನ್ನು ಒತ್ತರಿಸುತ್ತಿರುವ ಕಳೆ.

ಪೂಜೆಯಲ್ಲಿ ವಿಷದ ಗಿಡ ಇದೊಂದೇ ಅಲ್ಲ

ಗಣಪತಿಯ 21 ಪತ್ರೆಗಳ ಪಟ್ಟಿಯಲ್ಲಿ ದೂರ್ವೆ, ಬಿಲ್ವ, ತುಳಸಿಯ ಜತೆಗೆ ದತ್ತೂರ, ಎಕ್ಕ, ಕಣಗಿಲೆಯೂ ಇವೆ. ಈ ಮೂರೂ ವಿಷದ ಗಿಡಗಳೇ. ಕೇರಳದಲ್ಲಿ 2024ರ ಏಪ್ರಿಲ್ ಕೊನೆಯಲ್ಲಿ ಯುವ ನರ್ಸ್ ಒಬ್ಬರು ಸಾವನ್ನಪ್ಪಿದರು. ಅವರು ಕಣಗಿಲೆ ಎಲೆ ಜಗಿದಿದ್ದರು ಎಂಬ ಅನುಮಾನ ವ್ಯಕ್ತವಾಯಿತು. ಅದರ ಬೆನ್ನಲ್ಲೇ, ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಬೋರ್ಡ್ ತನ್ನ ದೇವಸ್ಥಾನಗಳ ನೈವೇದ್ಯ, ಪ್ರಸಾದದಲ್ಲಿ ‘ಅರಳಿ’ ಹೂವು ಬಳಸುವುದನ್ನು ನಿಲ್ಲಿಸಿತು. ಮಲಯಾಳಂನ ಅರಳಿ ಎಂದರೆ ನಮ್ಮ ಕಣಗಿಲೆ. ಅಶ್ವತ್ಥಕ್ಕೆ ನಾವು ಹೇಳುವ ಅರಳಿ ಅಲ್ಲ. ಹೆಸರು ಒಂದೇ, ಗಿಡ ಬೇರೆ ಆಗುವುದು ಹೀಗೆ.

ಆ ತೀರ್ಮಾನದಲ್ಲಿ ಪ್ರತಿ ಮನೆಗೂ ಅನ್ವಯಿಸುವ ಒಂದು ವಿವೇಕವಿದೆ. ಹೂವನ್ನು ಪೂಜೆಯಿಂದಲೇ ತೆಗೆದುಹಾಕಲಿಲ್ಲ, ಬಾಯಿಗೆ ಹೋಗುವ ಜಾಗದಿಂದ ತೆಗೆದರು. ಗೌರಿ ಹೂವಿಗೂ ಇದೇ ಸೂತ್ರ ಸಾಕು. ದೇವಿಯ ಮುಡಿಗೆ ಇರಲಿ, ತೀರ್ಥದ ಬಟ್ಟಲಿಗೆ, ಪಂಚಕಜ್ಜಾಯದ ತಟ್ಟೆಗೆ ಬೇಡ.

ಬಾಲ್ಕನಿಗೆ ಯಾವುದು ಸೂಕ್ತ?

ಗರಿಕೆಗೆ ಬಿಸಿಲು ಬೇಕು, ನೆರಳಿನಲ್ಲಿ ಸೊರಗುತ್ತದೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗದಲ್ಲಿ ಅಗಲವಾದ, ಆಳವಿಲ್ಲದ ಕುಂಡವೇ ಸಾಕು. ಬೇರಿರುವ ನಾಲ್ಕು ಗೆಣ್ಣು ತಂದು ಊರಿದರೆ ಕೆಲವೇ ವಾರಗಳಲ್ಲಿ ಹಬ್ಬುತ್ತದೆ. ದಿಲ್ಲಿಯ ಚಳಿಗೆ ಒಣಗಿ ಕಂದಾದರೆ ಕಿತ್ತೆಸೆಯಬೇಡಿ, ಬೇಸಿಗೆ ಕಾಲಿಡುತ್ತಿದ್ದಂತೆ ಮತ್ತೆ ಚಿಗುರುತ್ತದೆ.

ಗೌರಿ ಹೂವಿಗೆ ನೀರು ನಿಲ್ಲದ ಮಣ್ಣು, ಹತ್ತಲು ಆಸರೆ ಬೇಕು. ಗೆಡ್ಡೆಯನ್ನು ಮುಂಗಾರಿಗೆ ಮುನ್ನ ಮಣ್ಣಿನಲ್ಲಿ ಅಡ್ಡವಾಗಿ ಇಡಬೇಕು. ಚಿಗುರು ಬರುವ ತುದಿ ಮುರಿಯದಂತೆ ನೋಡಿಕೊಳ್ಳಬೇಕು. ಬಳ್ಳಿ ಒಣಗಿದ ಮೇಲೆ ನೀರು ನಿಲ್ಲಿಸಿ, ಗೆಡ್ಡೆಯನ್ನು ಕುಂಡದಲ್ಲೇ ಬಿಡುವುದು ಒಳ್ಳೆಯದು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳು, ಮಣ್ಣು ಕೆದಕುವ ನಾಯಿ, ಗಿಡ ಕಚ್ಚುವ ಬೆಕ್ಕು ಮನೆಯಲ್ಲಿದ್ದರೆ ಸದ್ಯಕ್ಕೆ ಈ ಗಿಡ ಬೇಡ. ಹಬ್ಬದ ದಿನ ಮಾರುಕಟ್ಟೆಯಿಂದ ಎರಡು ಹೂವು ತಂದರೆ ಸಾಕು.

ಮನೆಯವರೆಲ್ಲ ತಿಳಿದಿರಬೇಕಾದದ್ದು

* ಗೌರಿ ಹೂವಿನ ಕುಂಡದ ಮೇಲೆ ‘ವಿಷ, ತಿನ್ನಬಾರದು’ ಎಂದು ಮನೆಯಲ್ಲಿ ಎಲ್ಲರಿಗೂ ಓದಲು ಬರುವ ಭಾಷೆಯಲ್ಲಿ ಬರೆದು ಅಂಟಿಸಿ.
* ಗೆಡ್ಡೆ, ಬೀಜಗಳನ್ನು ಅಡುಗೆಮನೆಯಲ್ಲಿ ಇಡಬೇಡಿ.
* ಹೂವು, ಬಳ್ಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯಿರಿ. ನಂತರವೇ ನೈವೇದ್ಯದ ಕೆಲಸ.
* ಪೂಜೆ ಮುಗಿದ ನಿರ್ಮಾಲ್ಯವನ್ನು ಮಕ್ಕಳ ಕೈಗೆ, ದನಗಳ ಬಾಯಿಗೆ ಸಿಗುವಂತೆ ಬಿಸಾಡಬೇಡಿ. ಗರಿಕೆಯ ಜತೆ ಈ ಹೂವು ಸೇರಿಸಿ ಹಸುವಿಗೆ ಹಾಕಲೇಬೇಡಿ.
* ಯಾರಾದರೂ ತಿಂದಿದ್ದಾರೆ ಎಂಬ ಅನುಮಾನ ಬಂದರೆ, ಲಕ್ಷಣ ಕಾಣುವವರೆಗೆ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.
* ಗಿಡದ ತುಂಡು ಅಥವಾ ಫೋಟೊ ಜತೆಗಿರಲಿ. ಗ್ಲೋರಿಯೋಸಾ, ಕೋಲ್ಚಿಸಿನ್ ಎಂಬ ಎರಡು ಪದಗಳನ್ನು ಡಾಕ್ಟರಿಗೆ ಹೇಳಿ. ಎಷ್ಟು ಹೊತ್ತಿಗೆ, ಎಷ್ಟು ತಿಂದದ್ದು ಎಂಬುದನ್ನೂ ತಿಳಿಸಿ.
* ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ದಿನದ 24 ಗಂಟೆಯೂ ಫೋನ್‌ನಲ್ಲಿ ಮಾಹಿತಿ ಕೊಡುತ್ತದೆ. ಅದರ ನಂಬರನ್ನು ಹಬ್ಬಕ್ಕೆ ಮೊದಲೇ ಹುಡುಕಿ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ.

ಹಬ್ಬಕ್ಕೆ ಎರಡೂ ಬೇಕು, ಎರಡನ್ನೂ ತರಬಹುದು. ಹೂವಿನ ಬುಟ್ಟಿ ಕೆಳಗಿಡುವಾಗ ಮನೆಯ ಚಿಕ್ಕವರನ್ನು ಪಕ್ಕ ಕೂರಿಸಿಕೊಂಡು, ಯಾವುದು ಗರಿಕೆ, ಯಾವುದು ಗೌರಿ ಹೂವು, ಯಾವುದನ್ನು ಬಾಯಿಗೆ ಇಡಬಾರದು ಎಂದು ಒಮ್ಮೆ ತೋರಿಸಿಕೊಟ್ಟರೆ ಸಾಕು. ಪೂಜೆಯ ಕ್ರಮದ ಜತೆಗೇ ಈ ತಿಳಿವಳಿಕೆಯೂ ಮಕ್ಕಳಿಗೆ ದಾಟಬೇಕು.